ಮೂರುಬೀಗನ ವೆಬ್‌ಸೈಟು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಮೂರುಬೀಗ. ಬೀಗ ರಿಪೇರಿ ಮಾಡುವ, ಕೀ ಮಾಡಿಕೊಡುವ ತನ್ನ ಅಂಗಡಿಗೆ ಒಂದರ ಕೆಳಗೊಂದು ಮೂರು ಬೀಗ ಜಡಿದು, ಪ್ರತಿಯೊಂದನ್ನೂ ಎಳೆದು ನೋಡಿ, ತಿರುವಿನ ತನಕ ಹೋಗಿ, ಮತ್ತೆ ಬಂದು ಇನ್ನೊಮ್ಮೆ ಎಳೆದು ನೋಡುವುದು ಅವನ ವಾಡಿಕೆ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತುಕ್ಕು ಹಿಡಿದ ಬೀಗಕ್ಕೆ ಕಿವಿಗೊಟ್ಟು, ತೆಳು ಕಡ್ಡಿ ಆಡಿಸಿ, ಮಗುವನ್ನು ಮಾತಾಡಿಸಿದಂತೆ ತೆಗೆದುಬಿಡುತ್ತಿದ್ದ. ಮನುಷ್ಯರ ವಿಷಯದಲ್ಲಿ ಆ ತಾಳ್ಮೆ ಎಲ್ಲಿ ಹೋಗುತ್ತಿತ್ತೋ. ಯಾರಾದರೂ ನಕ್ಕರೆ ಏಕೆ ನಕ್ಕರು, ನಗದಿದ್ದರೆ ಏಕೆ ನಗಲಿಲ್ಲ ಎಂದು ಸಂಜೆಯವರೆಗೂ ತಲೆ ಕೆಡಿಸಿಕೊಳ್ಳುವ ಆಸಾಮಿ.

ಅವನು ಕೆಲಸ ಕಲಿಸಿದ್ದು ಒಬ್ಬನಿಗೇ, ಹೆಂಡತಿಯ ತಮ್ಮನಿಗೆ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಕಲಿತ ಆ ಭಾವಮೈದ ಈಗ ಎರಡು ಬೀದಿ ಆಚೆ ಸ್ವಂತ ಅಂಗಡಿ ಇಟ್ಟಿದ್ದ. ಫೋನಿನಲ್ಲಿ ಹುಡುಕುವವರಿಗೆ ಸಿಗಲಿ ಎಂದು ವೆಬ್‌ಸೈಟನ್ನೂ ಮಾಡಿಕೊಂಡಿದ್ದ.

“ಭಾವ, ನಿಮಗೂ ಒಂದು ಮಾಡಿಕೊಡ್ತೀನಿ,” ಎಂದು ಅವನು ಹೇಳಿದ್ದೇ ತಡ, ಮೂರುಬೀಗನ ಕಿವಿ ನೆಟ್ಟಗಾಯಿತು. ಮಾಡಿಕೊಟ್ಟವನ ಕೈಯಲ್ಲಿ ಪಾಸ್‌ವರ್ಡ್ ಉಳಿಯುತ್ತದೆ. ಅಂಗಡಿಯ ಕೀಯನ್ನೇ ಕೊಟ್ಟ ಹಾಗಲ್ಲವೇ ಅದು?

“ಬೇಡ ಬಿಡಪ್ಪ, ನಾನೇ ಮಾಡ್ಕೊತೀನಿ,” ಎಂದವನೇ ನಾಲ್ಕು ಮಧ್ಯಾಹ್ನ ಅರ್ಧ ಬಾಗಿಲು ಎಳೆದುಕೊಂಡು ಕೂತು ಮಾಡಿಯೂ ಮಾಡಿದ. ದಿನಾ ಬೆಳಿಗ್ಗೆ ತನ್ನ ಫೋನಿನಲ್ಲಿ ಪೂರ್ತಿ ವಿಳಾಸ ಒತ್ತಿ, ಅಂಗಡಿಯ ಚಿತ್ರ ಬರುವುದನ್ನು ಕಣ್ತುಂಬ ನೋಡಿಕೊಂಡ ಮೇಲೆಯೇ ಅವನು ಮುಖ ತೊಳೆಯುತ್ತಿದ್ದದ್ದು.

ಆದರೆ ಮೂರು ತಿಂಗಳಾದರೂ ಅದನ್ನು ನೋಡಿ ಬಂದ ಗಿರಾಕಿ ಒಬ್ಬನೂ ಇಲ್ಲ. ಆಗ ಶಾಲೆಯ ಟೀಚರೊಬ್ಬರು ಹಳೆಯ ಪೆಟ್ಟಿಗೆಯ ಬೀಗ ಹಿಡಿದುಕೊಂಡು ಬಂದರು.

“ಫೋನಲ್ಲಿ ಎಷ್ಟು ಹುಡುಕಿದ್ರೂ ನಿಮ್ಮ ಅಂಗಡಿ ಬರ್ಲೇ ಇಲ್ಲ. ಆಚೆ ಬೀದಿಯವರದ್ದು ಬಂತು. ಅವರೇ ‘ಇಂಥ ಬೀಗಕ್ಕೆ ನಮ್ಮ ಭಾವನೇ ಸರಿ’ ಅಂತ ಇಲ್ಲಿಗೆ ಕಳಿಸಿದ್ರು,” ಎಂದರು.

ಬೇರೆ ಯಾರಾದರೂ ಆಗಿದ್ದರೆ ಭಾವಮೈದನ ಹೊಟ್ಟೆ ತಣ್ಣಗಿರಲಿ ಎನ್ನುತ್ತಿದ್ದರು. ಇವನಿಗೆ ಮೈಯೆಲ್ಲ ಉರಿದುಹೋಯಿತು. ಅವನದ್ದು ಬರುತ್ತದೆ, ನನ್ನದು ಬರುವುದಿಲ್ಲ ಎಂದರೆ ಏನೋ ಕೈಚಳಕ ನಡೆದಿದೆ. ನನ್ನನ್ನು ಮುಚ್ಚಿಹಾಕಿ, ಮೇಲೆ ಒಬ್ಬ ಗಿರಾಕಿಯನ್ನು ಭಿಕ್ಷೆ ಹಾಕಿದ ಹಾಗೆ ಕಳಿಸುತ್ತಾನೆ. ಹೀಗೆ ಸಾಗಿತು ಇವನ ಲೆಕ್ಕಾಚಾರ.

“ನಿನ್ನ ತಮ್ಮ ನನ್ನ ವೆಬ್‌ಸೈಟಿಗೆ ಏನೋ ಮಾಡಿದ್ದಾನೆ,” ಎಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ.

“ಅವನಿಗೆ ಬೇರೆ ಕೆಲ್ಸ ಇಲ್ವಾ? ಸುಮ್ನೆ ಉಣ್ಣಿ,” ಎಂದಳು ಅವಳು.

ಅವಳೂ ಅತ್ತ ಕಡೆಯವಳೇ ಎಂದುಕೊಂಡ. ಮರುದಿನ, ಭಾವಮೈದನ ಅಂಗಡಿಯ ಬಗ್ಗೆ ಗಿರಾಕಿಗಳು ಅಭಿಪ್ರಾಯ ಬರೆಯುವ ಜಾಗದಲ್ಲಿ ‘ನೊಂದ ಗ್ರಾಹಕ’ ಎಂದು ಹೆಸರಿಟ್ಟುಕೊಂಡು ಬರೆದ: ಇವನು ನಿಮ್ಮ ಮನೆಯ ಕೀಗೆ ಇನ್ನೊಂದು ನಕಲು ಮಾಡಿ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ, ಹುಷಾರು.

ಬೀಗದವನ ಮೇಲೆ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. ಕೆಲಸ ಸರಿಯಿಲ್ಲ ಎಂದಿದ್ದರೆ ಮುಂದಿನ ಬೀಗವನ್ನು ಚೆನ್ನಾಗಿ ಮಾಡಿ ಬಾಯಿ ಮುಚ್ಚಿಸಬಹುದು. ಇಲ್ಲದ ಕೀಯನ್ನು ಇಲ್ಲವೆಂದು ತೋರಿಸುವುದು ಹೇಗೆ? ಬರೆದವನಿಗೆ ಅದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಬರೆದ.

ವಾರದೊಳಗೆ ಭಾವಮೈದನ ಅಂಗಡಿಯನ್ನು ಹುಡುಕಿದವರಿಗೆಲ್ಲ ಆ ಸಾಲೇ ಮೊದಲು ಕಾಣತೊಡಗಿತು. ಅವನು ಫೋನು ಹಿಡಿದುಕೊಂಡು ಮೂರುಬೀಗನ ಅಂಗಡಿಗೇ ಬಂದ. ಮುಖ ಸಪ್ಪಗಾಗಿತ್ತು.

“ಹಾಸ್ಟೆಲಿನವರು ಎಂಬತ್ತು ರೂಮಿನ ಬೀಗದ ಕೆಲಸ ಬೇಡ ಅಂದ್ರು, ಭಾವ. ಅದು ಹೋಗ್ಲಿ. ಪಕ್ಕದ ಮನೆಯವರು ಇವತ್ತು ಬೇರೆ ಊರಿಂದ ಆಳು ಕರೆಸಿ, ನಾನು ನೋಡ್ತಿರೋ ಹಾಗೇ ಬಾಗಿಲಿನ ಬೀಗ ಬದಲಾಯಿಸಿದ್ರು. ಯಾರು ಬರೆದಿರಬಹುದು? ನಿಮ್ಮ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತೆ, ಸ್ವಲ್ಪ ನೋಡಿ.”

ಪತ್ತೆ ಮಾಡಲು ಬಂದಿದ್ದಾನೆ, ನನ್ನ ಬಾಯಿಂದಲೇ ಹೊರಡಿಸಲು ನೋಡುತ್ತಿದ್ದಾನೆ ಎಂದುಕೊಂಡ ಮೂರುಬೀಗ. “ನಿನ್ನ ಗಿರಾಕಿಗಳಲ್ಲೇ ಯಾರೋ ಇರ್ಬೇಕು,” ಎಂದು ಅರ ಹಿಡಿದು ಕೈಯಲ್ಲಿದ್ದ ಕೀಯನ್ನು ಉಜ್ಜತೊಡಗಿದ.

ಅದಾಗಿ ಎರಡು ದಿನ ಭಾವಮೈದ ಅಂಗಡಿ ತೆಗೆಯಲಿಲ್ಲ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಓಡಾಡುತ್ತಿದ್ದಳು. ಅವಳಿಗೆ ಅವಳ ತಮ್ಮನ ಬಂಡವಾಳ ತೋರಿಸಿಯೇ ಬಿಡಬೇಕೆಂದು ಮೂರುಬೀಗ ಬೀದಿಯ ಕೊನೆಯ ಕಂಪ್ಯೂಟರ್ ಅಂಗಡಿಗೆ ಹೋದ.

“ನನ್ನ ವೆಬ್‌ಸೈಟನ್ನ ಯಾರೋ ಮುಚ್ಚಿಟ್ಟಿದ್ದಾರೆ, ಅದಕ್ಕೆ ಸಾಕ್ಷಿ ಬೇಕಮ್ಮ,” ಎಂದ.

ಅಂಗಡಿಯ ಹೆಂಗಸು ಅವನಿಂದಲೇ ಪಾಸ್‌ವರ್ಡ್ ಒತ್ತಿಸಿ, ಅಲ್ಲಿ ಇಲ್ಲಿ ತಡಕಾಡಿ, ಒಂದು ಪುಟ ತೆರೆದು ಬೆರಳಿಟ್ಟು ತೋರಿಸಿದಳು. “ಇಲ್ನೋಡಿ ಯಜಮಾನ್ರೇ. ಹುಡುಕುವವರಿಗೆ ಈ ಸೈಟ್ ಕಾಣದಂತೆ ತಡೆಯಬೇಕೇ ಅಂತ ಕೇಳಿದೆ. ಹೌದು ಅಂತ ಗುರುತು ಹಾಕಿದ್ದಾರೆ.”

“ಹಾಕಿದ್ದಾನಲ್ಲ, ನಾನು ಹೇಳ್ಲಿಲ್ವಾ.”

“ಪಾಸ್‌ವರ್ಡ್ ಇನ್ಯಾರ ಹತ್ರ ಇದೆ?”

“ಯಾರ ಹತ್ರಾನೂ ಇಲ್ಲ. ಹೆಂಡತಿಗೂ ಹೇಳಿಲ್ಲ.”

ಅವಳು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಆಗ ಅವನಿಗೆ ನೆನಪಾಯಿತು. ಆ ನಾಲ್ಕು ಮಧ್ಯಾಹ್ನಗಳಲ್ಲಿ ತಡೆ ಎಂಬ ಮಾತು ಕಂಡಲ್ಲೆಲ್ಲ, ಏನು, ಎತ್ತ ಎಂದು ಓದದೆ, ಇದೊಂದು ಬಂದೋಬಸ್ತು ಇರಲಿ ಎಂದು ಗುರುತು ಒತ್ತುತ್ತ ಹೋಗಿದ್ದ. ಫೋನು ತೆಗೆದು, ಭಾವಮೈದನ ಬಗ್ಗೆ ತಾನು ಬರೆದ ಸಾಲನ್ನು ಅವಳೆದುರೇ ಅಳಿಸಿದ.

“ಅಳಿಸಿದ್ರೆ ಹೋಯ್ತಲ್ಲ?” ಎಂದು ಕೇಳಿದ.

“ಫೋನಿಂದ ಹೋಗುತ್ತೆ. ಓದಿದವರ ತಲೆಯಿಂದ ತೆಗೆಯೋದು ನನಗೆ ಬರಲ್ಲ,” ಎಂದಳು ಅವಳು.

ಭಾವಮೈದ ತನ್ನ ಅಂಗಡಿಯಲ್ಲಿ ದೀಪ ಹಾಕದೆ ಕೂತಿದ್ದ. ಭಾವನನ್ನು ಕಂಡು ಎದ್ದು, ಇದ್ದ ಒಂದೇ ಕುರ್ಚಿ ಬಿಟ್ಟುಕೊಟ್ಟ. “ಯಾರು ಅಂತ ಗೊತ್ತಾಯ್ತಾ, ಭಾವ?”

“ನಾನೇ ಬರೆದದ್ದು,” ಎಂದ ಮೂರುಬೀಗ. ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ, ಏನನ್ನೂ ಬಿಡಲಿಲ್ಲ. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧನಾಗಿದ್ದ.

ಭಾವಮೈದ ಎರಡನ್ನೂ ಮಾಡಲಿಲ್ಲ. ಮೇಜಿನ ಖಾನೆಯ ಹಿಂಬದಿಯಿಂದ ಒಂದು ಕೀ ತೆಗೆದು ಎದುರಿಗಿಟ್ಟ.

“ನೀವು ಬರೆದದ್ದು ಪೂರ್ತಿ ಸುಳ್ಳಲ್ಲ. ಬೇರೆಯವರ ಮನೆ ಕೀ ಒಂದು ನನ್ನ ಹತ್ರ ಇದೆ. ನಿಮ್ಮದೇ. ನಿಮಗೆ ಆಪರೇಷನ್ ಆದಾಗ, ಹೊತ್ತಲ್ಲದ ಹೊತ್ತಲ್ಲಿ ಏನಾದ್ರೂ ಆದ್ರೆ ನೇರ ಬಾಗಿಲು ತೆಗೆದು ಬಂದ್ಬಿಡು ಅಂತ ಅಕ್ಕ ಕೊಟ್ಟಿದ್ದು. ಗೊತ್ತಾದ್ರೆ ನಿಮಗೆ ನಿದ್ದೆ ಬರಲ್ಲ ಅಂತ ಇಬ್ಬರೂ ಹೇಳಿರ್ಲಿಲ್ಲ. ಏಳು ವರ್ಷ ಆಯ್ತು. ತಗೊಳ್ಳಿ.”

“ಇಟ್ಕೊಳಯ್ಯ,” ಎಂದ ಮೂರುಬೀಗ. ಕೀಯನ್ನು ಮತ್ತೆ ಅವನ ಕಡೆಗೆ ಸರಿಸಿದ.

“ಇಲ್ಲ ಭಾವ. ಇನ್ಮೇಲೆ ಇಟ್ಕೊಳ್ಳೋಕೆ ಆಗಲ್ಲ.”

ಕೀಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವನು ಮನೆಗೆ ನಡೆದ. ತನ್ನ ತಮ್ಮನು ಅಂಗಡಿ ತೆಗೆದನೇ ಎಂದು ಕೇಳಲು ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಅವನು ಕೈ ಬಿಚ್ಚಿದ. ಅವಳು ಕೀಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

“ಇದು ನಿಮ್ಮ ಕೈಗೆ ಹೇಗೆ ಬಂತು?” ಎಂದು ಕೇಳಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಅನುಮಾನದಿಂದ ನೋಡಿದ್ದು ಅದೇ ಮೊದಲು.