ಉಪ್ಪು ಹೇಳುವವರು ಬೇಕು

ಬೆಳಗಿನ ಐದೂವರೆ. ಲಾಂಡ್ರಿಗೂ ಬೀಗ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಪುಟ್ಟ ಪಿಜ್ಜಾ ಹೋಟೆಲಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಮೊಣಕೈವರೆಗೂ ಮೈದಾ ಮೆತ್ತಿಕೊಂಡ ಅಕ್ಕ ಹಿಟ್ಟು ನಾದುತ್ತಿದ್ದಾರೆ. ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ, ಕೊನೆಗೊಮ್ಮೆ ಬೆರಳಿನಿಂದ ಚುಚ್ಚಿ ನೋಡುತ್ತಾರೆ. ಕುಳಿ ನಿಧಾನವಾಗಿ ತುಂಬಿಕೊಂಡರೆ ಹಿಟ್ಟು ಹದಕ್ಕೆ ಬಂದಂತೆ.

"ಕೈಗೆ ಗೊತ್ತಾಗೋದೆಲ್ಲ ಗೊತ್ತಾಗುತ್ತೆ. ನಾಲಿಗೆಗೆ ಗೊತ್ತಾಗಬೇಕಾದ್ದು ಮಾತ್ರ ಗೊತ್ತಾಗಲ್ಲ," ಎನ್ನುತ್ತಾರೆ.

ಓಣಿಯವರಿಗೆಲ್ಲ ಇವರು ಪಿಜ್ಜಾ ಅಕ್ಕ. ವಯಸ್ಸು ಐವತ್ತೆಂಟು, ಒಂಟಿ ಜೀವ. ಹದಿನೇಳು ವರ್ಷದಿಂದ ಆರು ಮೇಜು, ಒಂದು ಓವನ್, ದಿನಕ್ಕೆ ನಲವತ್ತು ಉಂಡೆ, ಎಂಟು ಕಿಲೋ ಟೊಮೆಟೊ. ನಾದುವುದು, ಬೇಯಿಸುವುದು, ಬಡಿಸುವುದು, ಮೇಜು ಒರೆಸುವುದು ಎಲ್ಲವೂ ಇವರದೇ. ಅಂಚು ಗರಿಗರಿ, ನಡು ಮೆತ್ತಗೆ. ಇಂಥ ಪಿಜ್ಜಾ ಮುಖ್ಯರಸ್ತೆಯ ದೊಡ್ಡ ಅಂಗಡಿಗಳಲ್ಲೂ ಸಿಗದು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ನೆಂಟರು ಬಂದರೆ ಓಣಿಯವರು ಅವರನ್ನು ಕರೆದೊಯ್ಯುವುದು ಮುಖ್ಯರಸ್ತೆಗೇ.

ಮೂರು ವರ್ಷದ ಹಿಂದೆ ಅಕ್ಕ ಜ್ವರ ಹಿಡಿದು ಮಲಗಿದ್ದರು. "ಜ್ವರ ಹೋಯ್ತು. ಹೋಗುವಾಗ ರುಚಿ, ವಾಸನೆ ಎರಡನ್ನೂ ಕರ್ಕೊಂಡು ಹೋಯ್ತು."

ಆ ಗುಟ್ಟನ್ನು ಅವರು ಹೇಳಿಕೊಂಡದ್ದು ಒಬ್ಬರಿಗೆ ಮಾತ್ರ. ಗಡಿಯಾರ ರಿಪೇರಿ ಮಾಡಿ ನಿವೃತ್ತರಾಗಿದ್ದ ಆ ಹಿರಿಯರು ಅಕ್ಕನಿಗೆ 'ಗಡಿಯಾರದಣ್ಣ'. ಅಂದಿನಿಂದ ದಿನವೂ ಹನ್ನೊಂದಕ್ಕೆ, ಗಿರಾಕಿಗಳು ಬರುವ ಮೊದಲು, ಮೊದಲ ಪಿಜ್ಜಾ ಅವರ ಮುಂದೆ. ಕಣ್ಣು ಮುಚ್ಚಿ ಒಂದು ತುತ್ತು. 'ಉಪ್ಪು' ಎಂದರೆ ಕಡಿಮೆಯಾಗಿದೆ, 'ಹುಳಿ' ಎಂದರೆ ಜಾಸ್ತಿಯಾಗಿದೆ. ಸುಮ್ಮನೆ ಎರಡನೆಯ ತುಂಡಿಗೆ ಕೈ ಹಾಕಿದರೆ ಎಲ್ಲ ಸರಿಯಿದೆ.

"ಒಂದಿನವಾದ್ರೂ ಹೊಗಳಿ ಅಣ್ಣ ಅಂದೆ. 'ಹೊಗಳೋಕೆ ಬಾಯಿ ಖಾಲಿ ಇರಬೇಕಲ್ಲಮ್ಮ' ಅಂದ್ರು."

ಆರು ವಾರದ ಹಿಂದೆ ಅಣ್ಣ ಬಚ್ಚಲಲ್ಲಿ ಜಾರಿ ಬಿದ್ದರು. ಮಗಳು ಬಂದು ತನ್ನೂರಿಗೆ ಕರೆದುಕೊಂಡು ಹೋದಳು. ಮಾರನೆಯ ದಿನವೇ ಎಡವಟ್ಟಾಯಿತು. ಸಾಸಿಗೆ ಉಪ್ಪು ಹಾಕಿದ್ದನ್ನು ಮರೆತು ಅಕ್ಕ ಇನ್ನೊಮ್ಮೆ ಹಾಕಿದರು. ಮಧ್ಯಾಹ್ನ ಹನ್ನೊಂದು ಜನ ತಿಂದರು. ಹೇಗಿದೆ ಎಂದು ಕೇಳಿದ್ದಕ್ಕೆ ಎಲ್ಲರದೂ ಒಂದೇ ಮಾತು, ಚೆನ್ನಾಗಿದೆ. ನೀರಿನ ಜಗ್ಗುಗಳು ಮಾತ್ರ ಬೇಗ ಬೇಗ ಬರಿದಾದವು. ಮೇಜು ಒರೆಸುವಾಗ, ಟಿಶ್ಯೂ ಪೇಪರಿನಲ್ಲಿ ಅಚ್ಚುಕಟ್ಟಾಗಿ ಸುತ್ತಿ ತಟ್ಟೆಯಡಿ ಬಚ್ಚಿಟ್ಟ ತುಂಡುಗಳು ಸಿಕ್ಕಿದವು.

"ನನಗೆ ನೋವಾಗಬಾರದು ಅಂತ ಮುಚ್ಚಿಟ್ಟಿದ್ರು. ಒಳ್ಳೆ ಜನ. ಆದ್ರೆ ಅಷ್ಟು ಜನ ಕೂತಿದ್ರೂ ಅವತ್ತು ನನ್ನ ಜೊತೆ ಯಾರೂ ಇರಲಿಲ್ಲ ಅನ್ನಿಸ್ತು."

ಈಗ ಉಪ್ಪನ್ನು ತೂಗಿಯೇ ಹಾಕುತ್ತಾರೆ. "ಉಪ್ಪನ್ನ ತಕ್ಕಡಿ ತೂಗುತ್ತೆ. ಟೊಮೆಟೊ ಹುಳಿ ದಿನಕ್ಕೊಂದು ಥರ. ಅದನ್ನ ಯಾವ ತಕ್ಕಡಿ ತೂಗುತ್ತೆ ಹೇಳಿ."

ಹನ್ನೊಂದಕ್ಕೆ ಮೊದಲ ಪಿಜ್ಜಾ ಈಗಲೂ ಕಿಟಕಿ ಪಕ್ಕದ ಅಣ್ಣನ ಮೇಜಿಗೆ ಹೋಗುತ್ತದೆ. ಅಕ್ಕನೇ ಕೂತು, ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಕಾಯುತ್ತಾರೆ. ಬಿಸಿ ಗೊತ್ತಾಗುತ್ತದೆ, ಗರಿಗರಿ ಗೊತ್ತಾಗುತ್ತದೆ. ಮಿಕ್ಕಿದ್ದೆಲ್ಲ ಬರೀ ರಟ್ಟು.

ಮೊನ್ನೆ ಅಣ್ಣ ಫೋನ್ ಮಾಡಿ, ಈಗ ರುಚಿ ನೋಡುವವರು ಯಾರು ಎಂದು ವಿಚಾರಿಸಿದರಂತೆ. "ಒಬ್ಬರು ಸಿಕ್ಕಿದಾರೆ ಅಣ್ಣ ಅಂದುಬಿಟ್ಟೆ. ಮಲಗಿರೋರಿಗೆ ನನ್ನದೊಂದು ಚಿಂತೆ ಯಾಕೆ."

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಇರುವ ಗಿರಾಕಿಗಳೂ ದೂರವಾದಾರು ಎಂದು ನಾವು ಎಚ್ಚರಿಸಿದರೆ, ಅಕ್ಕ ಓವನಿನ ಬಾಗಿಲು ಮುಚ್ಚಿ ಕೈಯ ಹಿಟ್ಟು ಕೊಡವುತ್ತಾರೆ.

"ಬರೀರಿ. ನಾಲ್ಕು ಜನ ಕಮ್ಮಿ ಆದ್ರೆ ಆಗ್ಲಿ. ಓದಿದೋರು ಒಬ್ಬರಾದ್ರೂ ಬಂದು, ತಿಂದು, 'ಉಪ್ಪು' ಅಂದ್ರೆ ಸಾಕು. ಅಣ್ಣನಿಗೆ ಹೇಳಿದ್ದು ಸುಳ್ಳಾಗಲ್ಲ."