ತಾವ್ ಸೂಜನ್ ಮಾಡದ ಬಾಣಂತನ

ಹಾಂಗ್‌ಝೌ ನಗರದ ಶ್ರೀಮಂತರ ಮನೆಗಳಲ್ಲಿ ಬಾಣಂತನ ಮಾಡುವುದು ತಾವ್ ಸೂಜನ್‌ಳ ಕೆಲಸ. ಹೆರಿಗೆಯಾದ ದಿನದಿಂದ ತಿಂಗಳು ತುಂಬುವವರೆಗೆ ಅವಳ ವಾಸ ಅಲ್ಲೇ. ಬಾಣಂತಿಗೆ ಗಾಳಿ ಸೋಕಬಾರದು, ತಣ್ಣೀರು ತಾಗಬಾರದು. ಹಾಲಿಳಿಯಲು ಹಂದಿಕಾಲಿನ ಸಾರು ಕುದಿಯುತ್ತಲೇ ಇರಬೇಕು. ದೊಡ್ಡ ದೊಡ್ಡ ಅಧಿಕಾರಿಗಳ ಹೆಂಡಂದಿರೂ ಆ ತಿಂಗಳು ಅವಳ ಮಾತು ಮೀರುತ್ತಿರಲಿಲ್ಲ. ಅವಳಿಗೂ ಅದರ ಜಂಬ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ.

ಮಗಳು ಯಾನ್‌ಲಿಂಗ್ ಇದ್ದದ್ದು ಅದೇ ನಗರದ ಅಂಚಿನಲ್ಲಿ, ಇಂದೋ ನಾಳೆಯೋ ಕೆಡವಲಿದ್ದ ಕಟ್ಟಡದ ಬಾಡಿಗೆ ಕೋಣೆಯಲ್ಲಿ. ಅತ್ತೆ ತೀರಿಹೋಗಿದ್ದಳು. ಗಂಡ ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸುವವನು, ಬೆಳಗ್ಗೆ ಹೋದರೆ ರಾತ್ರಿಯೇ ಬರುವುದು. ಮಗಳು ಬಸುರಿ ಎಂದು ತಿಳಿದಾಗ ಸೂಜನ್, "ನಿನ್ನ ಬಾಣಂತನ ನಾನೇ ಮಾಡ್ತೀನಿ" ಎಂದು ಮಾತು ಕೊಟ್ಟಿದ್ದಳು.

ಅಷ್ಟರಲ್ಲಿ ಲು ಎಂಬವರ ಮನೆಯಿಂದ ಕರೆ ಬಂತು. ಅವರ ಸೊಸೆಗೆ ಯಾನ್‌ಲಿಂಗ್‌ಗಿಂತ ಮೊದಲೇ ದಿನ ತುಂಬುವುದಿತ್ತು.

"ಚೊಚ್ಚಲು ತಡವಾಗೇ ಬರೋದು ಕಣೆ. ಅವರದ್ದು ಮುಗಿಸ್ಕೊಂಡು ಬಂದ್ರೂ ನೀನಿನ್ನೂ ಹೊಟ್ಟೆ ಹೊತ್ಕೊಂಡೇ ಓಡಾಡ್ತಿರ್ತೀಯ" ಎಂದು ಮಗಳನ್ನು ನಗಿಸಿ ಹೊರಟಳು.

ಆದದ್ದು ತಿರುವುಮುರುವು. ಲು ಮನೆಯ ಕೂಸು ತಡವಾಗಿ ಬಂತು, ಅದೇ ದಿನ ಯಾನ್‌ಲಿಂಗ್‌ಗೂ ಅವಧಿಗೆ ಮುಂಚೆಯೇ ಹೆರಿಗೆಯಾಯಿತು. ಸೂಜನ್ ಸಾರು ಕಲಕುತ್ತಿದ್ದಾಗ ಫೋನ್ ಬಂತು.

"ಅಮ್ಮಾ, ಹೆಣ್ಣು ಮಗು. ಯಾವಾಗ ಬರ್ತೀಯ?"

"ನಡುವೆ ಬಿಟ್ಟು ಬರೋಕಾಗಲ್ಲ ಮಗಳೇ. ತಲೆಗೆ ಬಟ್ಟೆ ಕಟ್ಕೋ. ತಣ್ಣೀರು ಮಾತ್ರ ಮುಟ್ಟಬೇಡ."

"ಬಿಸಿನೀರು ಕಾಯಿಸಿಕೊಡೋರು ಯಾರಮ್ಮಾ?"

ಸೂಜನ್ ಒಲೆ ಸಣ್ಣ ಮಾಡಿದಳು. ಹೋಗಲೇ ಎಂದು ಲು ಮನೆಯವರನ್ನು ಒಂದು ಮಾತು ಕೇಳಬಹುದಿತ್ತು. ನಡುವೆ ಕೈಬಿಟ್ಟವಳು ಎಂದು ಹೆಸರು ಕೆಟ್ಟರೆ ಮುಂದೆ ಯಾರು ಕರೆಯುತ್ತಾರೆ ಎಂಬ ಭಯಕ್ಕೆ ಕೇಳಲಿಲ್ಲ. ಆ ಹಾಳು ಹೆಸರನ್ನು ಅವಳು ಹೊಟ್ಟೆಯ ಮಗಳಿಗಿಂತ ಜೋಪಾನ ಮಾಡಿದಳು.

ತಿಂಗಳು ಮುಗಿಸಿ ಹೊರಡುವಾಗ, ಮಗಳಿಗೂ ಮಗುವಾಗಿದೆ ಎಂದು ಬಾಯಿತಪ್ಪಿ ಹೇಳಿಬಿಟ್ಟಳು. ಲು ಮನೆಯ ಸೊಸೆ ಅವಳ ಕೈ ಹಿಡಿದುಕೊಂಡಳು.

"ಒಂದು ಮಾತು ಹೇಳಬಾರದಿತ್ತಾ ಅಕ್ಕ? ನಮ್ಮಮ್ಮ ಇಲ್ಲೇ ದಿನವಿಡೀ ಟಿವಿ ನೋಡ್ಕೊಂಡು ಕೂತಿದ್ರಲ್ಲ, ಅವರು ನನ್ನ ನೋಡ್ಕೊಳ್ತಿದ್ರು. ನಾನೇ ಕಳಿಸಿಕೊಡ್ತಿದ್ದೆ."

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಬೈದಿದ್ದರೂ ಸೂಜನ್‌ಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅವಳು ಹೋದಾಗ ಯಾನ್‌ಲಿಂಗ್ ಓಣಿಯ ನಲ್ಲಿಯ ಕೆಳಗೆ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಎರಡೂ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದಳು.

"ಏಳು, ನಾನು ಒಗೀತೀನಿ."

"ತಿಂಗಳು ಆಗಲೇ ತುಂಬಿತಲ್ಲಮ್ಮಾ. ಇನ್ನು ಮುಟ್ಟಬಹುದು."

"ಕೈ ನೋಯ್ತಿದ್ಯಾ?"

"ಬೆಳಗ್ಗೆ ಹೊತ್ತು ಮುಷ್ಟಿ ಹಿಡಿಯೋಕಾಗಲ್ಲ."

ಬಾಣಂತನದಲ್ಲಿ ಹಿಡಿದ ನೋವು ಇನ್ನೊಂದು ಬಾಣಂತನ ಸರಿಯಾಗಿ ಮಾಡಿದರೆ ಬಿಡುತ್ತದೆ ಎಂದು ಅಲ್ಲಿಯ ಹೆಂಗಸರೆಲ್ಲ ನಂಬುತ್ತಾರೆ. ಸೂಜನ್ ಮಗಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ಹೇಳಿದಳು.

"ಮುಂದಿನ ಸಲ ನಾನು ಎಲ್ಲೂ ಹೋಗಲ್ಲ. ಪೂರ್ತಿ ತಿಂಗಳು ನಿನ್ನ ಹತ್ರಾನೇ ಇರ್ತೀನಿ. ನೋವೆಲ್ಲ ತೆಗೀತೀನಿ ನೋಡು."

ಯಾನ್‌ಲಿಂಗ್ ಸಿಟ್ಟಾಗಲಿಲ್ಲ. ಬಟ್ಟೆ ಹಿಂಡಲು ಹೋಗಿ ಆಗದೆ ತಾಯಿಯ ಕೈಗೆ ಕೊಟ್ಟಳು.

"ಈ ಊರಲ್ಲಿ ಇನ್ನೊಂದನ್ನ ಸಾಕೋದು ನಮ್ಮ ಕೈಲಾಗಲ್ಲ. ಇದೊಂದೇ ಸಾಕು ಅಂತ ಇಬ್ರೂ ತೀರ್ಮಾನ ಮಾಡಿದ್ದೀವಮ್ಮಾ."