ಪೆನ್ನಿನಲ್ಲಿ ಬರೆದ ಹನ್ನೊಂದು

ನಿವೃತ್ತಿಗೆ ಇನ್ನೊಂದೇ ವರ್ಷ ಬಾಕಿ ಇತ್ತು. ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕನಾಗಿದ್ದೆ. ಇತಿಹಾಸ ಪಾಠದಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ ಎಂಬ ಹಮ್ಮು ಆಗ ಇತ್ತು, ಈಗಲೂ ಸ್ವಲ್ಪ ಇದೆ. ನನ್ನ ಗುಟ್ಟು ಸರಳ: ಪ್ರತಿಯೊಬ್ಬ ಕ್ರೂರ ಅರಸನ, ಸರ್ವಾಧಿಕಾರಿಯ ಹಿಂದೆ ಒಂದು ಹಳೆಯ ಗಾಯ ಹುಡುಕಿ ಕಥೆ ಕಟ್ಟುತ್ತಿದ್ದೆ. ಯಾರೋ ಅವಮಾನ ಮಾಡಿದರು, ಇವನು ಆ ಜನವನ್ನೇ ದ್ವೇಷಿಸಿದ. ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

ಆ ವರ್ಷ ಹುಮನಾಬಾದಿನಲ್ಲಿ ಹೈಸ್ಕೂಲು ಮಕ್ಕಳ ಚರ್ಚಾಸ್ಪರ್ಧೆ. ಹೆಸರಾಂತ ಇತಿಹಾಸ ಪುರುಷರ ದ್ವೇಷಕ್ಕೆ ಅವರ ಸ್ವಂತ ನೋವೇ ಕಾರಣ ಎಂಬುದು ವಿಷಯ. ನನಗಾಗಿಯೇ ಇಟ್ಟಂತಿತ್ತು! ಮೊದಲು ಬಂದ ಒಬ್ಬರಿಗೆ ಮಾತ್ರ ಬೀದರಿನ ಜಿಲ್ಲಾ ಸುತ್ತಿಗೆ ಅವಕಾಶ. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. ಅಂಕ ಕೊಡುವುದರಲ್ಲಿ ನನ್ನದೊಂದು ಪದ್ಧತಿ: ಮಾತು ಮುಗಿದ ಮೇಲೆ ಇಪ್ಪತ್ತೈದಕ್ಕೆ ಇಷ್ಟು ಎಂದು ಪೆನ್ಸಿಲಿನಲ್ಲಿ ಬರೆಯುವುದು, ಎಲ್ಲರನ್ನೂ ಕೇಳಿ ತೂಗಿ ನೋಡಿ ಕೊನೆಗೆ ಪೆನ್ನು ಹಿಡಿಯುವುದು. ಕಿರಿಯ ಶಿಕ್ಷಕರಿಗೂ ಇದನ್ನೇ ಹೇಳಿಕೊಡುತ್ತಿದ್ದೆ.

ಕೊನೆಯವಳಾಗಿ ಬಂದವಳು ರೇಣುಕಾ. ಹತ್ತನೇ ತರಗತಿ, ಕುರಿ ಸಾಕುವ ಮನೆಯ ಹುಡುಗಿ. ಹೆಸರಿನ ಜೊತೆ ಊರನ್ನೂ ಕೂಗಿದರು. ಆ ಊರು ನನಗೆ ಗೊತ್ತಿತ್ತು. ನೌಕರಿಯ ಮೊದಲ ವರ್ಷ ಅಲ್ಲಿದ್ದೆ. ಮಗನನ್ನು ನಪಾಸು ಮಾಡಿದೆನೆಂದು ಒಬ್ಬ ಬಸ್ಸಿನ ಹತ್ತಿರ, ಮಕ್ಕಳೆದುರೇ, ನನ್ನ ಕಾಲರ್ ಹಿಡಿದು ಕನ್ನಡಕ ಕಿತ್ತೆಸೆದಿದ್ದ. ಆ ಊರಿನವರೆಲ್ಲ ಒರಟರು ಎಂದು ಅಂದೇ ಷರಾ ಬರೆದುಬಿಟ್ಟಿದ್ದೆ. ಊರಿನ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮತ್ತೆ ಅದೇ ತಪ್ಪು ಮಾಡಿದಂತೆ.

ರೇಣುಕಾ ವಿಷಯದ ವಿರುದ್ಧ ಮಾತಾಡಿದಳು. ತೀರ್ಪುಗಾರರು ಒಂದೊಂದು ಪ್ರಶ್ನೆ ಕೇಳಬಹುದಿತ್ತು. ಸಿಕ್ಕಿಬೀಳಲಿ ಎಂದೇ ಕೇಳಿದೆ: "ಜರ್ಮನಿಯ ಆ ಸರ್ವಾಧಿಕಾರಿಗೆ ಚಿತ್ರಕಲಾ ಶಾಲೆಯವರು ಎರಡು ಸಲ ಸೀಟು ಕೊಡಲಿಲ್ಲ. ಅದು ಏನೂ ಅಲ್ಲೇನವಾ?"

ಅವಳು ಭಾಷಣದ ಕನ್ನಡ ಬಿಟ್ಟು ಮನೆಯ ಮಾತಿಗೆ ಇಳಿದಳು. "ನೋವು ಆಗಿರಬಹುದ್ರಿ ಸರ್. ಆದ್ರ ಅವನ ಜೋಡಿ ಸೀಟು ಸಿಗದವ್ರು ಭಾಳ ಮಂದಿ ಇದ್ರಲ್ರಿ, ಅವರ್ಯಾರೂ ಮಂದೀನ ಕೊಲ್ಲಾಕ ಹೋಗಲಿಲ್ಲ. ಯಾರೋ ನಾಕ ಮಂದಿ ಬ್ಯಾಡ ಅಂದ್ರಂತ ಒಂದು ಜನಾನೇ ಕೆಟ್ಟದ್ದು ಅನ್ನೋದು ನೋವಲ್ರಿ. ಅದು ಅವ ತಾನೇ ಮಾಡಿದ ಫೈಸಲಾ."

ಅಂಕದ ಹಾಳೆ ನೋಡಿಕೊಂಡೆ. ಉಳಿದವರ ಅಂಕಗಳೆಲ್ಲ ಪೆನ್ಸಿಲಿನಲ್ಲಿದ್ದವು. ರೇಣುಕಾ ಹೆಸರಿನ ಮುಂದೆ ಮಾತ್ರ ಪೆನ್ನಿನಲ್ಲಿ ಬರೆದ ಹನ್ನೊಂದು. ಅವಳು ಬಾಯಿ ತೆರೆಯುವ ಮೊದಲೇ ಬರೆದಿದ್ದೆ. ನಾಚಿಕೆಯಾಯಿತು.

ಹೊಡೆದು ಹಾಕಿ ಇಪ್ಪತ್ತನಾಲ್ಕು ಮಾಡಲು ಕೈ ಹೋಯಿತು. ತಡೆದುಕೊಂಡೆ. ಪಕ್ಕದಲ್ಲಿದ್ದ ಮುಖ್ಯ ತೀರ್ಪುಗಾರರಾದ ಹುಮನಾಬಾದಿನ ಉಪನ್ಯಾಸಕಿಗೆ ಹಾಳೆ ತೋರಿಸಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ.

"ಈಗ ತಿದ್ದಿದ್ರ ಅದೂ ಬರಾಬರ್ ಆಗಂಗಿಲ್ರಿ ಸರ್. ಆವಾಗ ಸಿಟ್ಟು ಬರೀತು, ಈಗ ನಾಚಿಕಿ ಬರೀತದ. ನಿಮ್ಮ ಹಾಳಿ ಪೂರಾ ತಗೀರಿ."

ಮೂರು ದಶಕದ ಅನುಭವದ ಹಾಳೆ ರದ್ದಾಯಿತು. ಉಳಿದಿಬ್ಬರ ಅಂಕದ ಮೇಲೆ ರೇಣುಕಾ ಒಂದೇ ಅಂಕದಿಂದ ಮೊದಲು ಬಂದಳು. ನನ್ನ ಹನ್ನೊಂದು ಸೇರಿದ್ದರೆ ಬೀದರ್ ತಪ್ಪುತ್ತಿತ್ತು.

ಇತಿಹಾಸದ ಆ ದೊಡ್ಡವರಿಗೆ ಏನಾಗಿತ್ತು ಎಂದಷ್ಟೇ ಅದುವರೆಗೆ ಮಕ್ಕಳಿಗೆ ಹೇಳುತ್ತಿದ್ದೆ. ಉಳಿದ ಒಂದು ವರ್ಷ, ಆದ ಮೇಲೆ ಅವರು ಏನು ಮಾಡಿದರು ಎಂದು ಕೇಳುವುದನ್ನು ಕಲಿಸಿದೆ. ನೌಕರಿ ನನಗೆ ಕಲಿಸಿದ ಕೊನೆಯ ಪಾಠ ಅದು, ಕಲಿಸಿದವಳು ಹತ್ತನೇ ತರಗತಿಯವಳು.

ಸ್ಪರ್ಧೆಯ ದಿನ ಹೊರಡುವ ಮುಂಚೆ ಅವಳನ್ನು ಕರೆದು ಹನ್ನೊಂದರ ಕಥೆ, ಕನ್ನಡಕದ ಕಥೆ ಎರಡನ್ನೂ ಹೇಳಿ ಕ್ಷಮೆ ಕೇಳಿದೆ. ಅವಳು "ಯಾರ್ರಿ ಸರ್ ಅವ್ರು? ಹೆಸರು ಹೇಳ್ರಿ, ನಮ್ಮಪ್ಪಗ ಗೊತ್ತಿರಬಹುದು" ಎಂದಳು.

ನೆನಪು ಮಾಡಿಕೊಳ್ಳಲು ನೋಡಿದೆ. ಊರು ನೆನಪಿತ್ತು, ಒಡೆದ ಕನ್ನಡಕ ನೆನಪಿತ್ತು. ಆ ಮನುಷ್ಯನ ಹೆಸರು ನಾನು ಅಂದೂ ಕೇಳಿರಲಿಲ್ಲ.